ಕೃತಿಸೂಚಿಯೂ ಪ್ರತಿಸೂಚಿಯೂ: ವಿಶ್ವವಿದ್ಯಾಲಯಗಳ ಹಸ್ತಪ್ರತಿ ಗ್ರಂಥಾಲಯಗಳ ಸೇವೆಯನ್ನು ಕುರಿತ ಒಂದು ವಿಮರ್ಶೆ

೧

ಗ್ರಂಥಾಲಯವೊಂದರ ಸಂಪತ್ತನ್ನು ಅಲ್ಲಿರುವ ಗ್ರಂಥಗಳ ಸಂಖ್ಯೆಯಿಂದ ಅಳೆಯುವುದು ಲೋಕರೂಢಿ. ಅಚ್ಚಾದ ಪುಸ್ತಕಗಳ ಮಟ್ಟಿಗೆ ಈ ಅಳತೆ ತಕ್ಕಮಟ್ಟಿಗೆ ಸಲ್ಲುತ್ತದೆ. ಒಂದು ಮುದ್ರಣದ ಸಾವಿರ ಪ್ರತಿಗಳಲ್ಲಿ ಯಾವುದು ಕೈಗೆ ಬಂದರೂ ಓದುಗನ ಕಾರ್ಯ ಸಾಗುತ್ತದೆ. ಹಸ್ತಪ್ರತಿಯ ವಿಷಯ ಹಾಗಲ್ಲ. ಒಂದೇ ಪುರಾಣದ ಹತ್ತು ಓಲೆಕಟ್ಟುಗಳಿದ್ದರೆ ಅವು ಹತ್ತು ಬೇರೆ ಬೇರೆ ಸಾಕ್ಷಿಗಳು. ಒಂದರಲ್ಲಿ ಲೋಪವಾದ ಪಾಠ ಇನ್ನೊಂದರಲ್ಲಿ ಉಳಿದಿರುತ್ತದೆ. ಒಂದರ ಕೊನೆಯಲ್ಲಿ ಇಲ್ಲದ ಪ್ರಶಸ್ತಿ ಮತ್ತೊಂದರ ಕೊನೆಯಲ್ಲಿ ಇರುತ್ತದೆ. ಒಂದನ್ನು ಬರೆಯಿಸಿದವರು ಯಾರು, ಯಾವ ಊರಿನಲ್ಲಿ, ಯಾವ ವ್ರತದ ಉದ್ಯಾಪನೆಗಾಗಿ ಎಂಬ ವಿವರ ಆ ಒಂದು ಪ್ರತಿಗೆ ಮಾತ್ರ ಸೇರಿದ್ದು. ಆದುದರಿಂದ ಹಸ್ತಪ್ರತಿ ಗ್ರಂಥಾಲಯದ ಸೇವೆಯನ್ನು ಕಟ್ಟುಗಳ ಎಣಿಕೆಯಿಂದ ಅಳೆಯಲಾಗದು. ಅಭ್ಯಾಸಿಯು ತನಗೆ ಬೇಕಾದ ಕಟ್ಟನ್ನು, ಅದರಲ್ಲಿಯೂ ತನಗೆ ಬೇಕಾದ ಗರಿಯನ್ನು, ಸೂಚಿಯ ನೆರವಿನಿಂದ ತಲುಪಬಲ್ಲನೇ ಎಂಬುದೇ ಅದರ ನಿಜವಾದ ಅಳತೆ.

ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳು ತಮ್ಮ ಕಾರ್ಯವನ್ನು ಹೇಳಿಕೊಳ್ಳುವಾಗ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಮುಂದಿಡುತ್ತವೆ. ಸಂಗ್ರಹದಲ್ಲಿರುವ ಕಟ್ಟುಗಳೆಷ್ಟು ಎಂಬುದು ಒಂದು. ಛಾಯಾಚಿತ್ರಕ್ಕೆ ಇಳಿದ ಗರಿಗಳೆಷ್ಟು ಎಂಬುದು ಇನ್ನೊಂದು. ಇವೆರಡೂ ಅಗತ್ಯವಾದ ಅಂಕಿಗಳೇ. ಆದರೆ ಆ ಕಟ್ಟುಗಳಲ್ಲಿ ಎಷ್ಟನ್ನು ಬಿಚ್ಚಿ, ಮೊದಲ ಗರಿಯಿಂದ ಕೊನೆಯ ಗರಿಯವರೆಗೆ ನೋಡಿ, ವಿವರಿಸಲಾಗಿದೆ ಎಂಬ ಮೂರನೆಯ ಅಂಕಿಯಿಲ್ಲದೆ ಮೊದಲಿನೆರಡೂ ಅಪೂರ್ಣ. ಸೂಚಿ ಎಂಬುದು ಗ್ರಂಥಾಲಯದ ಸೇವೆಗಳಲ್ಲಿ ಒಂದಲ್ಲ. ಅದೇ ಮೊದಲನೆಯ ಸೇವೆ. ಮಿಕ್ಕವೆಲ್ಲ ಅದರ ಬೆನ್ನಿಗೆ ಬರತಕ್ಕವು. ಹೀಗಿರುವಲ್ಲಿ, ರೂಢಿಯಲ್ಲಿರುವ ಬಹುಪಾಲು ಸೂಚಿಗಳು ಕೃತಿಯನ್ನು ದಾಖಲಿಸುತ್ತವೆ, ಪ್ರತಿಯನ್ನು ಕೈಬಿಡುತ್ತವೆ. ಈ ಕೊರತೆಯ ಸ್ವರೂಪವೇನು, ಅದರಿಂದ ವಿದ್ಯಾರ್ಥಿಗೂ ಸಂಶೋಧಕನಿಗೂ ಆಗುವ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲಿಗೆ ವಿಶ್ವವಿದ್ಯಾಲಯಗಳಿಂದಾದ ಉಪಕಾರವನ್ನು ನೆನೆಯುವುದು ನ್ಯಾಯ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯವು ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ಥಾಪನೆಯಾದಾಗ ಅದರ ಆಡಳಿತಕ್ಕೆ ಸೇರಿತು. ಮುಂದೆ ಅದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾಯಿತು. ಧಾರವಾಡದಲ್ಲಿ ೧೯೩೯ರಲ್ಲಿ ಅಂದಿನ ಮುಂಬಯಿ ಸರ್ಕಾರವು ಆರಂಭಿಸಿದ ಕನ್ನಡ ಸಂಶೋಧನ ಸಂಸ್ಥೆಯು ಕಾಲಕ್ರಮದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಯಿತು. ೧೯೬೬ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡು, ಕನ್ನಡ ಹಸ್ತಪ್ರತಿಗಳ ಕೆಲಸಕ್ಕೆ ಪ್ರತ್ಯೇಕ ನೆಲೆ ದೊರೆಯಿತು. ಮಠ, ಬಸದಿ, ಮನೆತನಗಳ ಪೆಟ್ಟಿಗೆಗಳಲ್ಲಿ ಹುಳುವಿಗೂ ತೇವಕ್ಕೂ ಈಡಾಗುತ್ತಿದ್ದ ಸಾವಿರಾರು ಕಟ್ಟುಗಳು ಈ ಸಂಸ್ಥೆಗಳಿಂದಾಗಿ ಉಳಿದವು. ಜಾತಿ ಮತಗಳ ಪ್ರಶ್ನೆಯಿಲ್ಲದೆ ಯಾವ ಅಭ್ಯಾಸಿಯಾದರೂ ಕುಳಿತು ಓದಬಹುದಾದ ವಾಚನಾಲಯವೆಂಬುದು ನಮ್ಮ ನಾಡಿನ ಹಸ್ತಪ್ರತಿಗಳಿಗೆ ಮೊದಲು ದೊರೆತದ್ದು ಇಂತಹ ಸಾರ್ವಜನಿಕ ಸಂಸ್ಥೆಗಳಲ್ಲಿಯೇ.

ಈ ಉಪಕಾರದ ಅತ್ಯುತ್ತಮ ನಿದರ್ಶನದಲ್ಲಿಯೇ ಪ್ರಸ್ತುತ ಚರ್ಚೆಯ ಬೀಜವೂ ಇದೆ. ಮೈಸೂರಿನ ಗ್ರಂಥಾಲಯಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ಒಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯ ಟೀಕೆಯ ಒಂದು ಭಾಗವೂ ಇತ್ತು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದು ಕೌಟಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾಗಿ, ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಅಧ್ಯಯನವು ಹೊಸ ದಾರಿಗೆ ತಿರುಗಿತು. ಗ್ರಂಥಾಲಯದ ಒಳಗೆ ಕುಳಿತು ಕಟ್ಟುಗಳನ್ನು ಬಿಚ್ಚಿ ಓದಬಲ್ಲ ವಿದ್ವಾಂಸನೊಬ್ಬನಿದ್ದರೆ ಎಂತಹ ಫಲ ದೊರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಆದರೆ ಕೃತಿ ಜಗತ್ಪ್ರಸಿದ್ಧವಾದರೂ ಅದನ್ನು ತಂದುಕೊಟ್ಟ ಪಂಡಿತರು ಇಂದಿಗೂ ‘ತಂಜಾವೂರು ಪ್ರಾಂತದ ಪಂಡಿತರೊಬ್ಬರು’ ಆಗಿಯೇ ಉಳಿದಿದ್ದಾರೆ. ಆ ಓಲೆಗಳು ಯಾರ ಮನೆಯಲ್ಲಿದ್ದವು, ಯಾವ ಪಾಠಪರಂಪರೆಯಲ್ಲಿ ಇಳಿದು ಬಂದವು, ಅವುಗಳ ಜೊತೆಯಲ್ಲಿ ಬೇರೆ ಯಾವ ಗ್ರಂಥಗಳಿದ್ದವು ಎಂಬ ಪ್ರಶ್ನೆಗಳಿಗೆ ಎಡೆಯಿತ್ತೇ ಹೊರತು ಉತ್ತರ ದೊರೆಯಲಿಲ್ಲ. ಇದು ಶಾಮಶಾಸ್ತ್ರಿಗಳ ಹಿರಿಮೆಯನ್ನು ಕುಂದಿಸುವ ಮಾತಲ್ಲ. ಕೃತಿಯ ಮೇಲೆಯೇ ಎಲ್ಲರ ದೃಷ್ಟಿಯೂ ನೆಟ್ಟಿದ್ದ ಕಾಲದ ರೀತಿ ಅದು. ಆ ಕಾಲ ಕಳೆದು ನೂರು ವರ್ಷಗಳು ಮೀರಿದರೂ ರೀತಿ ಮಾತ್ರ ಹೆಚ್ಚು ಬದಲಾಗಿಲ್ಲವೆಂಬುದೇ ವಿಚಾರಣೀಯ.

೩

ಪ್ರತಿಯ ವಿವರ ಏಕೆ ಬೇಕು? ಕೃತಿಯ ಹೆಸರು, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ ಇಷ್ಟಿದ್ದರೆ ಸಾಲದೇ? ಈ ಪ್ರಶ್ನೆಗೆ ಜೈನಶ್ರುತದ ಇತಿಹಾಸದಿಂದಲೇ ಉತ್ತರ ಕೊಡಬಹುದು. ಮುಂದೆ ಉದಾಹರಿಸುವ ಓಲೆಗಳು ಬಸದಿಯ ಭಂಡಾರಕ್ಕೆ ಸೇರಿದವು, ವಿಶ್ವವಿದ್ಯಾಲಯಕ್ಕಲ್ಲ. ಆದರೆ ಅವು ಕಲಿಸುವ ಪಾಠ ಎಲ್ಲ ಸಂಗ್ರಹಗಳಿಗೂ ಸಮಾನವಾದದ್ದು.

ಧವಲಾಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟವು ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಅಮರಾವತಿಯಿಂದ ಪ್ರಕಟವಾಯಿತು. ಆಗ ಸಂಪಾದಕರ ಕೈಯಲ್ಲಿದ್ದವು ಮೂಡಬಿದಿರೆಯ ಓಲೆಗಳಲ್ಲ. ಅವುಗಳಿಂದ ಇಳಿದು ಉತ್ತರದ ಊರುಗಳಿಗೆ ಹೋಗಿದ್ದ ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ, ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವಲ್ಲಿ, ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಚರ್ಚೆಯನ್ನು ನೋಡಿದರೆ ಅದು ಅಲ್ಲಿ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಒಂದು ಪದದ ಇರವು ಇಲ್ಲದಿರವುಗಳಿಂದ ಸ್ತ್ರೀಯ ಸಂಯಮಾಧಿಕಾರದ ಪ್ರಶ್ನೆಯೇ ಎದ್ದಿತು. ಸೂತ್ರದಲ್ಲಿ ಹೇಳಿರುವುದು ಭಾವಸ್ತ್ರೀಯನ್ನೋ ದ್ರವ್ಯಸ್ತ್ರೀಯನ್ನೋ ಎಂದು ಪಂಡಿತರಲ್ಲಿ ದೀರ್ಘವಾದ ವಾದ ನಡೆಯಿತು. ಅನಂತರ ಮೂಡಬಿದಿರೆಯ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಿದಾಗ ಆ ಪದ ಅಲ್ಲಿ ಇದ್ದುದು ಗೊತ್ತಾಯಿತು. ‘ಷಟ್ಖಂಡಾಗಮ, ಪ್ರಾಕೃತ, ಪೂರ್ಣ’ ಎಂದು ಬರೆದ ಸೂಚಿಗೆ ಮೂಲದ ಓಲೆಯೂ ಅದರ ಮೂರನೆಯ ಪೀಳಿಗೆಯ ಕಾಗದಪ್ರತಿಯೂ ಒಂದೇ. ಸಂಪಾದಕನಿಗೆ ಅವೆರಡರ ನಡುವೆ ಸಿದ್ಧಾಂತವೊಂದು ನಿಲ್ಲುವಷ್ಟು ಅಂತರವಿದೆ.

ಇನ್ನೊಂದು ನಿದರ್ಶನ ಮಹಾಬಂಧದ್ದು. ಅದರ ಓಲೆಪ್ರತಿಯ ಪ್ರಶಸ್ತಿಯಲ್ಲಿ, ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿ ವ್ರತದ ಉದ್ಯಾಪನೆಗಾಗಿ ಆ ಸಿದ್ಧಾಂತಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬ ಸಂಗತಿ ಉಕ್ತವಾಗಿದೆ. ಆ ಪ್ರಶಸ್ತಿ ಮಹಾಬಂಧವೆಂಬ ಕೃತಿಯ ಭಾಗವಲ್ಲ. ಭೂತಬಲಿ ಆಚಾರ್ಯರಿಗೂ ಮಲ್ಲಿಕಬ್ಬೆಗೂ ಶತಮಾನಗಳ ಅಂತರವಿದೆ. ಕೃತಿಯನ್ನು ಮಾತ್ರ ದಾಖಲಿಸುವ ಸೂಚಿಯಲ್ಲಿ ಆಕೆಗೆ ಸ್ಥಳವಿಲ್ಲ. ಆದರೆ ಕನ್ನಡ ನಾಡಿನ ಸ್ತ್ರೀಯರು ಶಾಸ್ತ್ರದಾನದ ಮೂಲಕ ವಿದ್ಯೆಯನ್ನು ಹೇಗೆ ಕಾಪಾಡಿದರು ಎಂಬುದನ್ನು ಅರಿಯಬಯಸುವ ವಿದ್ಯಾರ್ಥಿನಿಗೆ ಆ ಕೊನೆಯ ಕೆಲವು ಸಾಲುಗಳೇ ಮುಖ್ಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಕವಿಗಳ ವಾಣಿಯಿಂದ ಉಳಿಯಿತು. ಕವಿಗಳು ಹಾಡದ ನೂರಾರು ಮಲ್ಲಿಕಬ್ಬೆಯರ ಹೆಸರು ಉಳಿದಿರುವುದು ಓಲೆಗಳ ಅಂತ್ಯದಲ್ಲಿ ಮಾತ್ರ. ಸೂಚಿಕಾರನು ಆ ಗರಿಯನ್ನು ಓದದೆ ಕಟ್ಟಿದರೆ ಅವರು ಮತ್ತೊಮ್ಮೆ ಮರೆಯಾಗುತ್ತಾರೆ.

ಮೂರನೆಯದಾಗಿ ವಡ್ಡಾರಾಧನೆಯನ್ನು ನೋಡಬಹುದು. ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ಈ ಗದ್ಯಗ್ರಂಥದ ಹೆಸರು ಯಾವುದು, ಕರ್ತೃ ಯಾರು ಎಂಬ ಎರಡು ಪ್ರಶ್ನೆಗಳೂ ವಿದ್ವಾಂಸರಲ್ಲಿ ಚರ್ಚೆಗೆ ಗುರಿಯಾಗಿವೆ. ಶಿವಕೋಟ್ಯಾಚಾರ್ಯ ಎಂಬ ಹೆಸರು ಪ್ರಾಕೃತ ಆರಾಧನೆಯ ಕರ್ತೃವಿನದೇ ಇಲ್ಲಿಗೆ ಬಂದಿರಬಹುದೇ, ಭ್ರಾಜಿಷ್ಣು ಎಂಬಾತನ ಆರಾಧನಾ ಕರ್ಣಾಟಟೀಕೆಯೇ ಇದಾಗಿರಬಹುದೇ ಎಂಬ ವಿಚಾರಗಳಿಗೆಲ್ಲ ಪ್ರತಿಗಳ ಅಂತ್ಯವಾಕ್ಯಗಳನ್ನು ತೂಗಿ ನೋಡಬೇಕಾಗುತ್ತದೆ. ಇಂತಹ ಕಡೆ ಸೂಚಿಯು ‘ಕರ್ತೃ: ಶಿವಕೋಟ್ಯಾಚಾರ್ಯ’ ಎಂದಷ್ಟೇ ಹೇಳಿದರೆ ಅದು ಮಾಹಿತಿಯಲ್ಲ, ತೀರ್ಪು. ಸೂಚಿಯ ಕೆಲಸ ತೀರ್ಪು ಕೊಡುವುದಲ್ಲ. ಪ್ರತಿಯಲ್ಲಿ ಇರುವ ಅಂತ್ಯವಾಕ್ಯವನ್ನು ಇದ್ದ ಹಾಗೆಯೇ ಬರೆದು, ಕರ್ತೃನಿರ್ಣಯವನ್ನು ಅಭ್ಯಾಸಿಯ ವಿವೇಚನೆಗೆ ಬಿಡುವುದು ಯುಕ್ತ. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದಂದಿನಿಂದ ಪ್ರತಿಗಳ ಪರಸ್ಪರ ಸಂಬಂಧವನ್ನು ಗುರುತಿಸುವ ಶಾಸ್ತ್ರ ಕನ್ನಡದ ವಿದ್ಯಾರ್ಥಿಗೆ ತಿಳಿದಿದೆ. ಶಾಸ್ತ್ರ ತಿಳಿದಿದ್ದರೂ ಅದನ್ನು ಪ್ರಯೋಗಿಸಲು ಬೇಕಾದ ಸಾಮಗ್ರಿಯನ್ನು ಸೂಚಿ ಒದಗಿಸದಿದ್ದರೆ ಆತನು ಪ್ರತಿಯೊಂದು ಕಟ್ಟನ್ನೂ ಹೊಸದಾಗಿ ಹುಡುಕಬೇಕಾಗುತ್ತದೆ.

೪

ಸಂಯುಕ್ತ ಕಟ್ಟುಗಳ ವಿಷಯದಲ್ಲಿ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಶ್ರಾವಕರ ಮನೆಗಳಿಂದ ಬಂದ ಕಟ್ಟುಗಳಲ್ಲಿ ಒಂದೇ ಗ್ರಂಥವಿರುವುದಕ್ಕಿಂತ ಹಲವು ಚಿಕ್ಕ ಬರಹಗಳು ಒಟ್ಟಿಗೆ ಇರುವುದೇ ಹೆಚ್ಚು. ನೋಂಪಿಯ ಕಥೆಗಳು, ಸ್ತೋತ್ರಗಳು, ಪೂಜಾವಿಧಾನ, ಪಂಚಾಂಗದ ಲೆಕ್ಕ, ಔಷಧಯೋಗ, ಮನೆಯ ಸಾಲದ ಬರಹ ಇವೆಲ್ಲವೂ ಒಂದೇ ಹಲಗೆಗಳ ನಡುವೆ, ಒಂದೇ ದಾರದಲ್ಲಿ ಪೋಣಿಸಿರುತ್ತವೆ. ದಾಖಲೆ ಪುಸ್ತಕದಲ್ಲಿ ಮೊದಲ ಗ್ರಂಥದ ಹೆಸರು ಮಾತ್ರ ಬರೆದು, ಉಳಿದುದನ್ನು ‘ಇತ್ಯಾದಿ’ ಎಂಬ ಒಂದೇ ಮಾತಿನಲ್ಲಿ ಅಡಗಿಸುವ ಪದ್ಧತಿಯುಂಟು. ಆ ‘ಇತ್ಯಾದಿ’ಯೊಳಗೆ ಏನಿದೆ ಎಂಬುದನ್ನು ಅರಿಯದೆ ಸಂಗ್ರಹವನ್ನು ಅರಿತಂತಾಗುವುದಿಲ್ಲ. ನೋಂಪಿಯ ಕಥೆಗಳ ಭಾಷೆಯನ್ನು ಅಭ್ಯಸಿಸುವವನಿಗೂ, ಹಳ್ಳಿಯ ವೈದ್ಯದ ಚರಿತ್ರೆಯನ್ನು ಬರೆಯುವವನಿಗೂ ಅಂತಹ ಕಟ್ಟು ಇದ್ದೂ ಇಲ್ಲದಂತೆ.

ಮತ್ತೊಂದು ಮಾತು. ಈ ಬರಹಗಳು ಒಟ್ಟಿಗೆ ಇರುವುದಕ್ಕೂ ಅರ್ಥವಿದೆ. ಒಂದು ಮನೆತನವು ಯಾವ ಯಾವ ಪಾಠಗಳನ್ನು ನಿತ್ಯದ ಬಳಕೆಗೆ ಬೇಕೆಂದು ಒಂದೇ ದಾರಕ್ಕೆ ಸೇರಿಸಿತು ಎಂಬುದರಿಂದ ಆ ಮನೆತನದ ವ್ರತ, ವಿದ್ಯೆ, ಜೀವನೋಪಾಯಗಳ ಚಿತ್ರ ದೊರೆಯುತ್ತದೆ. ವಿಷಯಾನುಸಾರ ವಿಂಗಡಿಸುವ ಉತ್ಸಾಹದಲ್ಲಿ ಕಟ್ಟನ್ನು ಬಿಡಿಸಿ ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟರೆ ಆ ಚಿತ್ರ ಅಳಿಸಿಹೋಗುತ್ತದೆ. ಆದುದರಿಂದ ಕಟ್ಟಿಗೆ ಒಂದು ಸಂಖ್ಯೆ, ಅದರೊಳಗಿನ ಒಂದೊಂದು ಬರಹಕ್ಕೂ ಒಂದೊಂದು ಉಪಸಂಖ್ಯೆ, ಎರಡಕ್ಕೂ ಸೂಚಿಯಲ್ಲಿ ಪ್ರವೇಶ, ಇದು ಸರಿಯಾದ ಕ್ರಮ.

೫

ವರ್ಗೀಕರಣದ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ನಮ್ಮ ವಿಶ್ವವಿದ್ಯಾಲಯಗಳ ಮುದ್ರಿತ ಗ್ರಂಥಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಡ್ಯೂಯಿ ಅವರ ದಶಾಂಶ ಪದ್ಧತಿ. ಅದರಲ್ಲಿ ಜೈನಧರ್ಮದ ಸಂಖ್ಯೆ ೨೯೪.೪, ಕನ್ನಡ ಸಾಹಿತ್ಯದ್ದು ೮೯೪.೮೧೪, ಗಣಿತದ್ದು ೫೧೦, ವೈದ್ಯದ್ದು ೬೧೦. ಇದರಂತೆ ಪಂಪನ ಆದಿಪುರಾಣ ಕನ್ನಡ ಸಾಹಿತ್ಯದ ಕಪಾಟಿಗೆ, ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ ಧರ್ಮದ ಇಲ್ಲವೆ ಸಂಸ್ಕೃತದ ಕಪಾಟಿಗೆ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ಗಣಿತಕ್ಕೆ, ಮಂಗರಾಜನ ಖಗೇಂದ್ರಮಣಿದರ್ಪಣ ವೈದ್ಯಕ್ಕೆ ಸೇರುತ್ತವೆ. ಓದುಗನ ಒಂದು ಬಗೆಯ ಪ್ರಶ್ನೆಗೆ ಇದು ಸರಿಯಾದ ಉತ್ತರ. ಕನ್ನಡ ಚಂಪೂಗಳನ್ನು ಒಂದೆಡೆ ನೋಡಬೇಕೆನ್ನುವವನಿಗೆ ಅವು ಒಂದೆಡೆ ದೊರೆಯುತ್ತವೆ.

ಆದರೆ ಈ ಗ್ರಂಥಗಳು ಹುಟ್ಟಿ ಬೆಳೆದ ಪರಂಪರೆಯು ಶ್ರುತವನ್ನು ಬೇರೆ ರೀತಿಯಲ್ಲಿ ವಿಭಾಗಿಸಿಕೊಂಡಿತ್ತು. ಮಹಾಪುರುಷರ ಚರಿತ್ರೆ ಪ್ರಥಮಾನುಯೋಗ. ಲೋಕದ ವಿಭಾಗ, ಕಾಲದ ಪರಿವರ್ತನೆ, ಅವುಗಳ ಗಣನೆ ಕರಣಾನುಯೋಗ. ಗೃಹಸ್ಥರ ಮತ್ತು ಮುನಿಗಳ ಆಚಾರ ಚರಣಾನುಯೋಗ. ಜೀವಾದಿ ತತ್ತ್ವಗಳ ನಿರೂಪಣೆ ದ್ರವ್ಯಾನುಯೋಗ. ಈ ಕ್ರಮದಲ್ಲಿ ಜಿನಸೇನರ, ಪಂಪನ, ಚಾವುಂಡರಾಯನ ಗ್ರಂಥಗಳು ಭಾಷಾಭೇದವಿಲ್ಲದೆ ಒಂದೇ ಸಾಲಿಗೆ ಬರುತ್ತವೆ. ಆದಿನಾಥನ ಕಥೆ ಸಂಸ್ಕೃತದಿಂದ ಕನ್ನಡದ ಚಂಪುವಿಗೂ ಅಲ್ಲಿಂದ ಗದ್ಯಕ್ಕೂ ಹೇಗೆ ನಡೆಯಿತೆಂದು ನೋಡುವವನಿಗೆ ಬೇಕಾದುದು ಈ ಸಾಲು. ಹಾಗೆಯೇ ಗಣಿತಸಾರಸಂಗ್ರಹದ ಅಳತೆಯ ಪರಿಭಾಷೆಯನ್ನು ತಿಳಿಯಹೊರಟವನು ತ್ರಿಲೋಕಸಾರವನ್ನು ತೆರೆಯದೆ ಮುಂದುವರಿಯುವುದು ಕಷ್ಟ. ದಶಾಂಶ ಪದ್ಧತಿಯಲ್ಲಿ ಇವೆರಡರ ನಡುವೆ ಹಲವು ಕಪಾಟುಗಳ ದೂರವಿದೆ.

ಹಾಗೆಂದು ಅನುಯೋಗದ ಕ್ರಮವೊಂದೇ ಸಾಕೆನ್ನುವುದೂ ಸರಿಯಲ್ಲ. ವಿಷವೈದ್ಯದ ಗ್ರಂಥವನ್ನು ನಾಲ್ಕು ಅನುಯೋಗಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂಬುದಕ್ಕೆ ನೇರವಾದ ಉತ್ತರವಿಲ್ಲ. ಹಸ್ತಪ್ರತಿಸೂಚಿಯಲ್ಲಿ ಎರಡು ಕ್ರಮಗಳಿಗೂ ಅವಕಾಶವಿರಬೇಕು. ಅಚ್ಚಿನ ಪುಸ್ತಕವನ್ನು ಕಪಾಟಿನಲ್ಲಿ ಒಂದು ಕಡೆ ಮಾತ್ರ ಇಡಬಹುದು; ಸೂಚಿಯಲ್ಲಿಯಾದರೋ ಅದನ್ನು ಹತ್ತು ಕಡೆ ಹೆಸರಿಸಲು ಅಡ್ಡಿಯಿಲ್ಲ. ಒಂದು ಗ್ರಂಥವನ್ನು ಹಲವು ಮುಖಗಳಿಂದ ನೋಡಬೇಕೆಂಬ ತತ್ತ್ವವನ್ನು ೧೯೩೩ರಲ್ಲಿ ತಮ್ಮ ದ್ವಿಬಿಂದು ವರ್ಗೀಕರಣದಲ್ಲಿ ಅಳವಡಿಸಿದವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದ ಎಸ್. ಆರ್. ರಂಗನಾಥನ್. ಅವರೇ ೧೯೬೨ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ದಾಖಲೆ ಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನೂ ಸ್ಥಾಪಿಸಿದರು. ಒಂದು ವಸ್ತುವಿಗೆ ಅನೇಕ ಧರ್ಮಗಳುಂಟು, ಒಂದು ನಯದಿಂದ ನೋಡಿದಾಗ ಉಳಿದವು ಇಲ್ಲವೆಂದಾಗುವುದಿಲ್ಲ ಎಂಬ ಮಾತು ಜೈನನ್ಯಾಯವನ್ನು ಬಲ್ಲವರಿಗೆ ಹೊಸದೇನೂ ಅಲ್ಲ. ರಂಗನಾಥನ್ ಅವರ ಊರಾಗಿದ್ದ ಬೆಂಗಳೂರು ಇರುವ ರಾಜ್ಯದಲ್ಲಿಯೇ ಹಸ್ತಪ್ರತಿಸೂಚಿಗಳು ‘ಜೈನ’ ಎಂಬ ಒಂದೇ ಶೀರ್ಷಿಕೆಯಡಿ ಪುರಾಣ, ಆಚಾರ, ನ್ಯಾಯ, ಗಣಿತಗಳನ್ನು ಒಟ್ಟುಗೂಡಿಸಿಬಿಡುವುದು ಎರಡು ಪರಂಪರೆಗಳಿಗೂ ಸಲ್ಲದ ಸೌಲಭ್ಯಮಾರ್ಗ.

೬

ಈ ಚರ್ಚೆಯಿಂದ ಹಳೆಯ ಭಂಡಾರಗಳಲ್ಲಿ ಎಲ್ಲವೂ ಸರಿಯಾಗಿತ್ತು, ವಿಶ್ವವಿದ್ಯಾಲಯಗಳು ಕೆಡಿಸಿದವು ಎಂಬ ಅರ್ಥ ಹೊರಡಬಾರದು. ಸಿದ್ಧಾಂತಗ್ರಂಥಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆತು ಅಧ್ಯಯನಕ್ಕೆ ದೊರೆಯದೆ ಹೋದುವೆಂಬುದು ನಿಜ. ರಕ್ಷಣೆಯ ಹೆಸರಿನಲ್ಲಿ ಬೀಗ ಹಾಕಿದ ಗ್ರಂಥ ಓದುಗನ ಪಾಲಿಗೆ ನಷ್ಟವಾದ ಗ್ರಂಥಕ್ಕಿಂತ ಬೇರೆಯಲ್ಲ. ಧವಲಾದ ಪ್ರತಿಯ ಪ್ರತಿಗಳು ದೋಷಸಹಿತವಾಗಿ ಹರಡಿದ್ದಕ್ಕೆ ಮೂಲವು ಸುಲಭವಾಗಿ ದೊರೆಯದಿದ್ದುದೇ ಒಂದು ಮುಖ್ಯ ಕಾರಣ. ತೆರೆದ ಬಾಗಿಲಿನ ನೀತಿಯನ್ನು ಭಂಡಾರಗಳು ವಿಶ್ವವಿದ್ಯಾಲಯಗಳಿಂದ ಕಲಿಯಬೇಕಾಯಿತು.

ಆದರೆ ಭಂಡಾರಗಳಿಂದ ವಿಶ್ವವಿದ್ಯಾಲಯಗಳು ಕಲಿಯಬೇಕಾದುದೂ ಇದೆ. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು, ಎಂದರೆ ಮೂವತ್ತೆರಡು ಅಕ್ಷರಗಳ ಶ್ಲೋಕದ ಲೆಕ್ಕದಲ್ಲಿ ಗ್ರಂಥದ ಪ್ರಮಾಣವನ್ನು, ಬರೆಯುತ್ತಿದ್ದರು. ಧವಲೆಯ ಪ್ರಮಾಣ ೭೨,೦೦೦, ಜಯಧವಲೆಯ ಪ್ರಮಾಣ ೬೦,೦೦೦ ಎಂದು ಪರಂಪರೆ ಹೇಳುವುದು ಈ ಲೆಕ್ಕದಿಂದಲೇ. ಗರಿ ಚಿಕ್ಕದಾಗಲಿ ದೊಡ್ಡದಾಗಲಿ, ಅಕ್ಷರ ಸಣ್ಣದಾಗಲಿ ದಪ್ಪವಾಗಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಪ್ರತಿ ಪೂರ್ಣವೇ ಅಪೂರ್ಣವೇ ಎಂಬುದನ್ನು ಇದರಿಂದ ಪರೀಕ್ಷಿಸಬಹುದು. ಗರಿಗಳ ಸಂಖ್ಯೆಯನ್ನು ಮಾತ್ರ ಕೊಟ್ಟು ಗ್ರಂಥಸಂಖ್ಯೆಯನ್ನು ಬಿಡುವ ಸೂಚಿ, ಲಿಪಿಕಾರನು ಓದುಗನಿಗೆಂದೇ ಇಟ್ಟುಹೋದ ಅಳತೆಗೋಲನ್ನು ಎಸೆದಂತೆ. ಕಾಲನಿರ್ದೇಶದಲ್ಲಿಯೂ ಇದೇ ತಪ್ಪು ನಡೆಯುತ್ತದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಓಲೆ ಹೇಳಿದರೆ ಸೂಚಿಯು ಅದನ್ನು ಕ್ರಿಸ್ತಶಕಕ್ಕೆ ತಿರುಗಿಸಿ ಮೂಲವನ್ನು ಬಿಟ್ಟುಬಿಡುತ್ತದೆ. ತಿರುಗಿಸುವಾಗ ಆದ ತಪ್ಪನ್ನು ತಿದ್ದಲು ಮುಂದಿನವರಿಗೆ ದಾರಿಯೇ ಉಳಿಯುವುದಿಲ್ಲ.

ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪೂಜೆ ಮಾಡಿ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಗಾಳಿಗೆ ಹರವಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಆಚಾರವೂ ಅರ್ಥವತ್ತಾದುದು. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕಟ್ಟು ಮನುಷ್ಯನ ಕಣ್ಣಿಗೆ ಬೀಳಬೇಕೆಂಬ ನಿಯಮ ಅದರಲ್ಲಿದೆ. ನಿಂಬೆಹುಲ್ಲಿನ ಎಣ್ಣೆ ಸವರಿ ಉಕ್ಕಿನ ಕಪಾಟಿನಲ್ಲಿ ಭದ್ರವಾಗಿಟ್ಟ ಕಟ್ಟನ್ನು ಎಷ್ಟೋ ವರ್ಷ ಯಾರೂ ಬಿಚ್ಚದಿರುವುದು ಸಾಧ್ಯ.

ಸೂಚೀರಚನೆಯ ಕಾರ್ಯದಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ, ಕಾಶಿಯ ಭಾರತೀಯ ಜ್ಞಾನಪೀಠವು ೧೯೪೮ರಲ್ಲಿ ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಇಲ್ಲಿ ಸ್ಮರಿಸಬೇಕು. ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳಲ್ಲಿ ಏನಿದೆ ಎಂಬುದು ಹೊರಗಿನ ವಿದ್ವಾಂಸರಿಗೆ ಅದರಿಂದ ತಿಳಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, ೧೯೪೪ರಲ್ಲಿ, ಎಚ್. ಡಿ. ವೇಲಣಕರ್ ಅವರ ‘ಜಿನರತ್ನಕೋಶ’ವು ಪುಣೆಯಿಂದ ಹೊರಬಂದಿತ್ತು. ಮದರಾಸು ವಿಶ್ವವಿದ್ಯಾಲಯವು ೧೯೩೫ರಲ್ಲಿ ಕೈಗೊಂಡ ‘ನ್ಯೂ ಕೆಟಲಾಗಸ್ ಕೆಟಲಾಗೋರಂ’ ಸಂಸ್ಕೃತ ಮತ್ತು ತತ್ಸಂಬಂಧಿ ಗ್ರಂಥಗಳ ಪ್ರತಿಗಳು ಎಲ್ಲೆಲ್ಲಿವೆ ಎಂಬುದನ್ನು ಅಕಾರಾದಿಯಾಗಿ ಹೇಳುವ ಮಹಾಕಾರ್ಯ. ಇವೆಲ್ಲ ಕೃತಿಯನ್ನು ಆಧಾರವಾಗಿ ಇರಿಸಿಕೊಂಡ ಸೂಚಿಗಳೇ. ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅವುಗಳ ಗುರಿ, ಆ ಗುರಿಯನ್ನು ಅವು ಸಾಧಿಸಿವೆ. ಹೇಗಿದೆ, ಎಲ್ಲಿಂದ ಬಂದಿದೆ, ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳಿಗೆ ಪ್ರತಿಯನ್ನು ಎದುರಿಗೆ ಇಟ್ಟುಕೊಂಡಿರುವ ಸಂಗ್ರಹಾಲಯ ಮಾತ್ರ ಉತ್ತರ ಹೇಳಬಲ್ಲದು. ಆ ಹೊಣೆಯನ್ನು ಬೇರೆ ಯಾರಿಗೂ ವರ್ಗಾಯಿಸುವಂತಿಲ್ಲ.

೭

ಗಣಕಯಂತ್ರದ ಕಾಲದಲ್ಲಿ ಈ ಎಲ್ಲ ತೊಡಕುಗಳೂ ತಾವಾಗಿ ಪರಿಹಾರವಾಗುತ್ತವೆ ಎಂಬ ನಂಬಿಕೆ ಹರಡಿದೆ. ಭಾರತ ಸರ್ಕಾರವು ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ೨೦೨೫ರ ಆಯವ್ಯಯದಲ್ಲಿ ಒಂದು ಕೋ‍ಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಾಗಿ ‘ಜ್ಞಾನ ಭಾರತಂ’ ಯೋಜನೆ ಘೋಷಿತವಾಯಿತು. ಓಲೆಯನ್ನು ಮುಟ್ಟದೆ ಅದರ ಚಿತ್ರವನ್ನು ಓದಬಹುದಾದುದು ರಕ್ಷಣೆಯ ದೃಷ್ಟಿಯಿಂದ ಬಹು ದೊಡ್ಡ ಲಾಭ. ದೂರದ ಊರಿನ ಬಡ ವಿದ್ಯಾರ್ಥಿಗೆ ಪ್ರಯಾಣದ ವೆಚ್ಚ ಉಳಿಯುವುದೂ ಸಣ್ಣ ಮಾತಲ್ಲ.

ಆದರೆ ವಿವರಣೆಯಿಲ್ಲದ ಚಿತ್ರ, ಬೀಗ ತೆಗೆದರೂ ದೀಪವಿಲ್ಲದ ಕೋಣೆಯಂತೆ. ಇನ್ನೂರು ಗರಿಗಳ ನಾನೂರು ಚಿತ್ರಗಳು ಒಂದೇ ಹೆಸರಿನಡಿ ಇದ್ದು, ಯಾವ ಚಿತ್ರದಲ್ಲಿ ಯಾವ ಗ್ರಂಥ ಆರಂಭವಾಗುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಹಳಗನ್ನಡ ಲಿಪಿಯನ್ನು ಆಗತಾನೇ ಕಲಿತ ವಿದ್ಯಾರ್ಥಿ ಅಲ್ಲಿ ಏನನ್ನು ಹುಡುಕಬಲ್ಲನು? ಗರಿಯ ಸಂಖ್ಯೆಯನ್ನು ಲಿಪಿಕಾರನು ಅಂಚಿನಲ್ಲಿ ಬರೆದಿರುತ್ತಾನೆ. ಚಿತ್ರ ತೆಗೆಯುವವನು ತನ್ನದೇ ಕ್ರಮಸಂಖ್ಯೆ ಕೊಡುತ್ತಾನೆ. ಎರಡನ್ನೂ ಹೊಂದಿಸಿ ಬರೆದಿಡದಿದ್ದರೆ ಕಟ್ಟಿನಲ್ಲಿ ಗರಿಗಳು ಹಿಂದುಮುಂದಾಗಿದ್ದ ಸಂಗತಿ ಚಿತ್ರದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಓಲೆಯ ಸವೆತ, ಶಾಯಿ, ದಾರದ ರಂಧ್ರ, ಹಲಗೆಯ ಬರಹ ಇವೂ ಸಾಕ್ಷ್ಯಗಳೇ. ಕನ್ನಡದ ಓಲೆಗಳಲ್ಲಿ ಬಹುಪಾಲು ಕಂಠದಿಂದ ಕೊರೆದವು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳಾದರೋ ಶ್ರೀತಾಳೆಯ ಮೇಲೆ ಶಾಯಿಯಿಂದ ಬರೆದವು. ಇಂತಹ ಭೇದವನ್ನು ಮಾತಿನಲ್ಲಿ ದಾಖಲಿಸದಿದ್ದರೆ ಚಿತ್ರ ನೋಡಿದವನಿಗೆ ಅದರ ಮಹತ್ತ್ವ ಹೊಳೆಯುವುದಿಲ್ಲ.

ಸಂಶೋಧನ ಪ್ರಬಂಧಗಳ ವಿಷಯವೂ ಇದಕ್ಕೆ ಸಂಬಂಧಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಗಳ ತರುವಾಯ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ‘ಶೋಧಗಂಗಾ’ ಭಂಡಾರವನ್ನು ಸೇರುತ್ತಿವೆ. ಹಸ್ತಪ್ರತಿಗಳ ಆಧಾರದ ಮೇಲೆ ಸಿದ್ಧವಾದ ಪ್ರಬಂಧವೊಂದು ಅಲ್ಲಿದ್ದು, ಅದು ಬಳಸಿದ ಕಟ್ಟಿನ ನಮೂದಿನಲ್ಲಿ ಆ ಪ್ರಬಂಧದ ಉಲ್ಲೇಖವಿಲ್ಲದಿದ್ದರೆ, ಮುಂದಿನ ಅಭ್ಯಾಸಿ ಅದೇ ಕಟ್ಟನ್ನು ಮೊದಲಿನಿಂದ ಓದಲು ಕುಳಿತುಕೊಳ್ಳುತ್ತಾನೆ. ಓದುಗನ ಕಾಲವನ್ನು ಉಳಿಸಬೇಕು, ಗ್ರಂಥಾಲಯ ಬೆಳೆಯುತ್ತಿರಬೇಕು ಎಂಬ ಆಶಯಗಳು ರಂಗನಾಥನ್ ಅವರು ೧೯೩೧ರಲ್ಲಿ ನಿರೂಪಿಸಿದ ಪಂಚಸೂತ್ರಗಳಲ್ಲಿ ಸೇರಿವೆ. ಹಸ್ತಪ್ರತಿ ಗ್ರಂಥಾಲಯ ಬೆಳೆಯುವುದು ಹೊಸ ಕಟ್ಟುಗಳು ಬಂದಾಗ ಮಾತ್ರವಲ್ಲ. ಇರುವ ಕಟ್ಟಿನ ಬಗೆಗಿನ ತಿಳಿವು ಒಂದು ಸಾಲಿನಷ್ಟು ಹೆಚ್ಚಿದಾಗಲೂ ಅದು ಬೆಳೆದಂತೆಯೇ.

೮

ಇಷ್ಟೆಲ್ಲ ವಿವರವನ್ನು ಬರೆಯಲು ಓದಬಲ್ಲ ಸಿಬ್ಬಂದಿ ಎಲ್ಲಿದ್ದಾರೆ, ಕಾಲವೆಲ್ಲಿದೆ ಎಂಬ ಆಕ್ಷೇಪ ಸಹಜವಾದುದು. ಹಳೆಯ ಲಿಪಿಗಳನ್ನೂ ಪ್ರಾಕೃತವನ್ನೂ ಬಲ್ಲ ಪಂಡಿತರು ನಿವೃತ್ತರಾದ ಮೇಲೆ ಆ ಸ್ಥಾನಗಳು ತುಂಬದೆ ಉಳಿಯುವುದು ನಿಜವಾದ ಸಂಕಟ. ಆದರೆ ಈ ಸಂಕಟಕ್ಕೆ ಪರಿಹಾರವೂ ವಿಶ್ವವಿದ್ಯಾಲಯದ ಒಳಗೇ ಇದೆ. ಓದಬಲ್ಲವರನ್ನು ತಯಾರಿಸುವುದೇ ವಿಶ್ವವಿದ್ಯಾಲಯದ ಕಾರ್ಯವಲ್ಲವೇ?

ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ಹಸ್ತಪ್ರತಿಶಾಸ್ತ್ರದ ಪರೀಕ್ಷೆಗಾಗಿ ಪಠ್ಯಪುಸ್ತಕದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವ ಬದಲು ಒಂದು ಕಟ್ಟನ್ನು ಬಿಚ್ಚಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅದರ ಸಂಪೂರ್ಣ ವಿವರಣೆಯನ್ನು ಬರೆದುಕೊಡುವಂತಾಗಲಿ. ಕಟ್ಟಿನ ಅಳತೆ, ಗರಿಗಳ ಸಂಖ್ಯೆ, ಪಾರ್ಶ್ವಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಒಳಗಿರುವ ಪ್ರತಿಯೊಂದು ಬರಹದ ಆದಿ ಮತ್ತು ಅಂತ್ಯ, ಅಂತ್ಯವಾಕ್ಯ, ಪ್ರಶಸ್ತಿ, ಲಿಪಿಕಾರ, ಬರೆಯಿಸಿದವರು, ಸ್ಥಳ, ಮೂಲದಲ್ಲಿದ್ದಂತೆ ಕಾಲನಿರ್ದೇಶ, ಗ್ರಂಥಸಂಖ್ಯೆ, ಸಂಗ್ರಹಕ್ಕೆ ಬಂದ ಬಗೆ, ಹಿಂದೆ ಬಳಸಿದವರು ಇವೆಲ್ಲವೂ ಅದರಲ್ಲಿರಲಿ. ವಿವರಣೆ ಬರೆದವರ ಹೆಸರು ಸೂಚಿಯ ನಮೂದಿನಲ್ಲಿ ಅಚ್ಚಾಗಲಿ. ವರ್ಷಕ್ಕೆ ಇಪ್ಪತ್ತು ವಿದ್ಯಾರ್ಥಿಗಳಿದ್ದರೆ ಇಪ್ಪತ್ತು ಕಟ್ಟುಗಳು ಹೀಗೆ ಬೆಳಕಿಗೆ ಬರುತ್ತವೆ. ಇದು ಅಲ್ಪವೆಂದು ತೋರಬಹುದು. ಆದರೆ ಇದರಿಂದ ಎರಡು ಕಾರ್ಯಗಳು ಒಟ್ಟಿಗೆ ಸಾಗುತ್ತವೆ: ಕಟ್ಟಿಗೆ ವಿವರಣೆ ದೊರೆಯುತ್ತದೆ, ನಾಡಿಗೆ ಓಲೆಯನ್ನು ಓದಬಲ್ಲವರು ದೊರೆಯುತ್ತಾರೆ. ಎರಡನೆಯದು ನಿಂತುಹೋದರೆ ಮೊದಲನೆಯದನ್ನು ಯಾವ ಯಂತ್ರವೂ ತುಂಬಿಕೊಡಲಾರದು.

ಇದರೊಡನೆ ಗ್ರಂಥಾಲಯಗಳು ಮಾಡಬಹುದಾದ ಇನ್ನೂ ಕೆಲವು ಸುಲಭವಾದ ಕಾರ್ಯಗಳಿವೆ. ಅಭ್ಯಾಸಿಗಳು ತಪ್ಪುಗಳನ್ನು ತೋರಿಸಿದಾಗ ಅವನ್ನು ಸೂಚಿಯ ಅಂಚಿನಲ್ಲಿಯೇ ಸೇರಿಸಿಕೊಳ್ಳಬೇಕು. ಛಾಯಾಪ್ರತಿ ಕೊಡುವ ನಿಯಮ, ಶುಲ್ಕ, ಅವಧಿಗಳನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು. ಕೇಳಿದವರ ಪದವಿಯನ್ನು ನೋಡಿ ಅವು ಬದಲಾಗಬಾರದು. ಕಟ್ಟನ್ನು ಕೊಟ್ಟ ಮನೆತನಕ್ಕೆ ಅದರ ವಿವರಣೆಯ ಒಂದು ಪ್ರತಿಯನ್ನು ಕಳುಹಿಸಬೇಕು. ದಾನ ಕೊಟ್ಟವರಿಗೆ ಹಲಗೆಯ ಮೇಲಿನ ಹೆಸರಿಗಿಂತ ತಮ್ಮ ಹಿರಿಯರು ಏನನ್ನು ಕಾಪಾಡಿದ್ದರು ಎಂಬ ಅರಿವೇ ದೊಡ್ಡ ಮನ್ನಣೆ. ಹಾಗೆ ಮಾಡಿದಲ್ಲಿ ಇನ್ನೂ ಮನೆಗಳಲ್ಲಿ ಉಳಿದಿರುವ ಕಟ್ಟುಗಳೂ ನಂಬಿಕೆಯಿಂದ ಹೊರಬರುತ್ತವೆ.

ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸಿದ ಪರಂಪರೆಯಲ್ಲಿ, ಗ್ರಂಥವನ್ನು ಬರೆಯಿಸಿ ಕೊಡುವುದರಿಂದಲೇ ದಾನ ಮುಗಿಯುತ್ತಿರಲಿಲ್ಲ. ಪಾತ್ರನಾದವನ ಕೈಗೆ ಅದು ಸೇರಿ, ಆತನು ಅದನ್ನು ಓದಿ, ಮತ್ತೊಬ್ಬರಿಗೆ ಹೇಳಿದಾಗಲೇ ಅದು ಸಾರ್ಥಕವೆಂದು ಭಾವಿಸಲಾಗುತ್ತಿತ್ತು. ಇಂದು ಆ ದಾನದ ಉತ್ತರಾರ್ಧವನ್ನು ನಡೆಸಬೇಕಾದ ಹೊಣೆ ವಿಶ್ವವಿದ್ಯಾಲಯದ ಗ್ರಂಥಾಲಯದ್ದು. ಕಟ್ಟನ್ನು ಕಪಾಟಿನಲ್ಲಿ ಇರಿಸಿದಾಗ ಅರ್ಧ ಕೆಲಸವಾಗಿದೆ. ಅದನ್ನು ಹುಡುಕಿಕೊಂಡು ಬರಬಹುದಾದ ಓದುಗನಿಗೆ, ಅವನ ಹೆಸರು ಇನ್ನೂ ಗೊತ್ತಿಲ್ಲದಿರುವಾಗಲೇ, ಒಂದು ನಮೂದಿನ ಮೂಲಕ ದಾರಿ ಬರೆದಿಟ್ಟಾಗ ಉಳಿದರ್ಧವೂ ಪೂರ್ಣವಾಗುತ್ತದೆ.